ಮಾವನೂ ಮಾನೋಶಾಕೂ

ಅಮೆರಿಕದಲ್ಲಿ ಗ್ಯಾರೇಜು ಇರುವುದು ಕಾರು ನಿಲ್ಲಿಸುವುದಕ್ಕೆ ಎಂದು ಇಲ್ಲಿಗೆ ಬರುವವರೆಗೂ ನಾನು ನಂಬಿದ್ದೆ. ನಮ್ಮ ಸ್ಯಾನ್ ಹೊಸೆಯ ಬೀದಿಯಲ್ಲಿ ಕಾರುಗಳೆಲ್ಲ ಬಿಸಿಲಿನಲ್ಲಿ ಬೇಯುತ್ತಿರುತ್ತವೆ. ಗ್ಯಾರೇಜಿನ ತಂಪಿನಲ್ಲಿ ಸುಖವಾಗಿರುವುದು ಕೆಟ್ಟ ಟ್ರೆಡ್‌ಮಿಲ್ಲು, ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ, ಊರಿಂದ ತಂದು ಇನ್ನೂ ಬಿಚ್ಚದ ಸೂಟ್‌ಕೇಸು. ನಮ್ಮಲ್ಲಿ ಇವುಗಳ ಸಾಲಿಗೆ 1979ರ ಯಮಹಾ ಐಟಿ 175 ಎಂಬ ಡರ್ಟ್ ಬೈಕೊಂದು ಸೇರಿದೆ. ನಾನೂ ಐಟಿ, ಅದೂ ಐಟಿ. ಇಬ್ಬರಿಗೂ ವಯಸ್ಸಾಗಿದೆ, ಇಬ್ಬರಿಗೂ ಬಿಡಿಭಾಗ ಸಿಗುವುದು ಕಷ್ಟ.

ಹಾಲಿಸ್ಟರ್ ಹಿಲ್ಸ್‌ನ ಮಣ್ಣುದಾರಿಯಲ್ಲಿ ಈ ಬೈಕು ಒಂದು ಉಬ್ಬು ಹತ್ತಿಳಿದರೆ ಮುಂದಿನ ಉಬ್ಬು ಬರುವವರೆಗೂ ಕುಣಿಯುತ್ತಲೇ ಇತ್ತು. ಹಿಂದಿನ ಶಾಕಬ್ಸರ್ ಹೋಗಿತ್ತು. ಪೆಟ್ಟು ತಿನ್ನುವುದು ಸ್ಪ್ರಿಂಗು, ಆದರೆ ಅದು ತಿಂದದ್ದನ್ನೆಲ್ಲ ಹಾಗೇ ವಾಪಸ್ ಎಸೆಯುತ್ತದೆ. ಒಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸಿ, ಆ ಆವೇಶವನ್ನು ಬಿಸಿಯಾಗಿ ಮಾಡಿ ಕಳೆಯಬೇಕು. ಎಣ್ಣೆ ಸತ್ತರೆ ಸ್ಪ್ರಿಂಗಿಗೆ ಬುದ್ಧಿ ಹೇಳುವವರೇ ಇರುವುದಿಲ್ಲ.

ಸರಿ, ಟ್ಯಾಂಕು ಬಿಚ್ಚಿದೆ. ಆ ಸದ್ದಿಗೆ ಮಾವ ಬಂದರು.

ಮಾವನವರು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, 1996ರಲ್ಲಿ ಅದು ಬಾಗಿಲು ಮುಚ್ಚುವವರೆಗೂ ಇದ್ದವರು. ಮಗಳ ಮನೆಗೆಂದು ಬಂದು, ನಾಯಿ ಹಿಡಿದುಕೊಂಡು ಓಡಾಡುವವರಿಗೆಲ್ಲ ನಮಸ್ಕಾರ ಹೇಳಿ ಹೇಳಿ ಬೇಸತ್ತಿದ್ದರು.

“ಅಳಿಯಂದ್ರೇ, ಶಾಕಬ್ಸರ್ ಎಲ್ರೀ?”

“ಇದೇ ಮಾವ, ಟ್ಯಾಂಕಿನ ಕೆಳಗೆ ಮಲಗಿದೆಯಲ್ಲ.”

“ಇನ್ನೊಂದು?”

“ಒಂದೇ ಮಾವ. ಮಾನೋಶಾಕ್.”

“ಪಾಪ,” ಅಂದರು. ಜಾವಾದಲ್ಲಿ ಎಡಕ್ಕೊಂದು ಬಲಕ್ಕೊಂದು ಕಂಡವರಿಗೆ ಯಮಹಾದವರ ಬಡತನ ನೋಡಿ ಮರುಕವಾಗಿರಬೇಕು.

ಇದು ಜಪಾನಿನವರ ತಲೆಯಲ್ಲಿ ಹುಟ್ಟಿದ್ದಲ್ಲ, ಬೆಲ್ಜಿಯಮ್ಮಿನ ಲೂಸಿಯೆನ್ ಟಿಲ್ಕೆನ್ಸ್ ಎಂಬಾತನದು ಎಂದು ನಾನು ವಿವರಿಸಿದೆ. ಆತ ಮೊದಲು ಕೂರಿಸಿ ನೋಡಿದ್ದು ಜೆಕ್ ದೇಶದ ಸಿ.ಜೆಡ್. ಬೈಕಿಗೆ. ಆಮೇಲೆ ಯಮಹಾ ಅದನ್ನು ಕೊಂಡುಕೊಂಡಿತು. 1973ರಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ ಯಮಹಾದ ಮೇಲೆ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ಮಾವನವರಿಗೆ ಕೇಳಿಸಿದ್ದು ಸಿ.ಜೆಡ್. ಒಂದೇ. ಜಾವಾ ಮತ್ತು ಸಿ.ಜೆಡ್. ಒಂದೇ ದೇಶದವು, ಎಷ್ಟೋ ಬೈಕುಗಳ ಮೇಲೆ ಎರಡರ ಹೆಸರೂ ಜೊತೆಯಾಗಿ ಇರುತ್ತಿತ್ತು.

“ಹಾಗನ್ನಿ ಮತ್ತೆ! ನಮ್ಮ ದಾಯಾದಿಗಳ ಮನೆಯದೇ!”

ಅಲ್ಲಿಗೆ ಯಮಹಾ ಅರ್ಧ ಮೈಸೂರಿನದಾಯಿತು. ಮಾವ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು, ನಾನು ಹೆಲ್ಪರ್ ಆದೆ.

ಈ ಶಾಕಬ್ಸರ್ ಒಳಗೆ ಎಣ್ಣೆಯ ಜೊತೆಗೆ ನೈಟ್ರೋಜನ್ ಇರುತ್ತದೆ. ನಡುವೆ ತೇಲುವ ಪಿಸ್ಟನ್ನು, ಒಂದಕ್ಕೊಂದು ಬೆರೆಯದಿರಲಿ ಎಂದು. ಗ್ಯಾಸಿನ ಒತ್ತಡ ಕಾರಿನ ಟೈರಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಗ್ಯಾಸನ್ನು ಹೊರಬಿಡದೆ, ಮುಚ್ಚಳವನ್ನು ಹಿಡಿದಿಟ್ಟಿರುವ ಸರ್ಕ್ಲಿಪ್ ಎಂಬ ಉಂಗುರ ತೆಗೆದವರ ಗ್ಯಾರೇಜಿನ ಮಾಡಿಗೆ ಕಿಟಕಿ ಬೀಳುತ್ತದೆ. ನಾನು ಕನ್ನಡಕ ಹಾಕಿಕೊಂಡು ವಾಲ್ವ್ ಒತ್ತಿದೆ. ಉಸ್ಸೆಂದಿತು. “ಇನ್ನೂ ಇದೆ, ಇನ್ನೂ ಇದೆ,” ಎಂದು ಮಾವ ಕುರ್ಚಿಸಮೇತ ಹಿಂದೆ ಸರಿದರು.

ಸ್ಪ್ರಿಂಗು ಬಿಚ್ಚಿ, ಸೀಲಿನ ಮುಚ್ಚಳ ಒಳಕ್ಕೆ ತಳ್ಳಿ, ಸರ್ಕ್ಲಿಪ್ ಎಬ್ಬಿಸಿ ರಾಡು ಎಳೆದಾಗ ಹಳೆಯ ಎಣ್ಣೆ ಹೊರಬಂತು. ಕಪ್ಪಗಿತ್ತು ಎಂದರೆ ಸಾಲದು, ಅದರ ವಾಸನೆ ಅದಕ್ಕಿಂತ ಮೊದಲೇ ಅಡುಗೆಮನೆ ಸೇರಿತು. ಹೆಂಡತಿ ಮೂಗು ಮುಚ್ಚಿಕೊಂಡು ಓಡಿ ಬಂದು, “ಏನ್ರೀ ಸತ್ತಿದೆ ಇಲ್ಲಿ?” ಅಂದಳು. ಮಾವ ಆ ಎಣ್ಣೆ ಎಸೆಯಬೇಡಿ ಅಂದರು. ಊರಲ್ಲಾಗಿದ್ದರೆ ಬಾಗಿಲ ಚೌಕಟ್ಟಿಗೆ ಬಳಿಯಬಹುದಿತ್ತಂತೆ, ಗೆದ್ದಲು ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮೋರಿಗೆ ಸುರಿಯುವಂತಿಲ್ಲ, ಡಬ್ಬಿಗೆ ತುಂಬಿ ಹಳೆಯ ಎಣ್ಣೆ ತೆಗೆದುಕೊಳ್ಳುವ ಕಡೆ ಕೊಟ್ಟು ಬರಬೇಕು ಎಂದೆ. “ಎಣ್ಣೆಗೂ ಸಂಸ್ಕಾರವೇ!” ಎಂದು ಬೆರಗಾದರು.

ರಾಡಿನ ತುದಿಯ ನಟ್ಟು ಬಿಚ್ಚಿದರೆ ಪಿಸ್ಟನ್ನಿನ ಜೊತೆ ಶಿಮ್ಮುಗಳು ಸಿಗುತ್ತವೆ. ತೆಳ್ಳಗಿನ ಉಕ್ಕಿನ ಬಿಲ್ಲೆಗಳು, ಮಿಲಿಮೀಟರಿನ ಹತ್ತನೇ ಒಂದು ಭಾಗ, ಅದಕ್ಕೆ ತುಸು ಮೇಲೆ. ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಎಣ್ಣೆ ಎಷ್ಟು ಜೋರಾಗಿ ನುಗ್ಗಿದರೆ ಇವು ಎಷ್ಟು ಬಾಗಬೇಕು ಎನ್ನುವುದರ ಮೇಲೆಯೇ ಬೈಕಿನ ನಡತೆ ನಿಂತಿದೆ, ಕ್ರಮ ತಪ್ಪಿದರೆ ಎಲ್ಲ ಕೆಟ್ಟಿತು. ನಾನು ಒಂದೊಂದನ್ನೇ ಒರೆಸಿ ಪೇಪರಿನ ಮೇಲೆ ಇಡುತ್ತಿದ್ದರೆ ಹೆಂಡತಿ ಬಗ್ಗಿ ನೋಡಿದಳು. ಪ್ರತಿ ದಸರೆಗೂ ಗೊಂಬೆ ಮೆಟ್ಟಿಲು ಕೂರಿಸುವವಳು. “ಅಯ್ಯೋ, ಗೊಂಬೆ ಥರಾನೇ ಅಲ್ವಾ, ಇಳಿಸಿದ ಹಾಗೇ ಏರಿಸೋದು,” ಎಂದು ಕೈಯಿಂದ ಕಿತ್ತುಕೊಂಡು, ತೆಗೆದ ಸಾಲಿನಲ್ಲೇ ತಂತಿಗೆ ಪೋಣಿಸಿ ಗಂಟು ಹಾಕಿದಳು. ಸರ್ವಿಸ್ ಮ್ಯಾನ್ಯುಯಲ್ಲಿನ ಚಿತ್ರಕ್ಕಿಂತ ಅಚ್ಚುಕಟ್ಟಾಗಿತ್ತು.

ಹೊಸ ಸೀಲು, ಹೊಸ ಬುಷ್ಷು, ಹೊಸ ಎಣ್ಣೆ. ಇಲ್ಲಿಂದ ಮುಂದೆ ಬುದ್ಧಿಯ ಕೆಲಸ ಮುಗಿದು ತಾಳ್ಮೆಯದು ಶುರು. ಎಣ್ಣೆಯಲ್ಲಿ ಗಾಳಿ ಉಳಿಯಕೂಡದು. ಗಾಳಿ ಹಿಸುಕಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಗಾಳಿ ಉಳಿದಷ್ಟು ದೂರ ಪಿಸ್ಟನ್ನು ಬಿಟ್ಟಿ ಓಡಾಡುತ್ತದೆ. ರಾಡನ್ನು ಮೆಲ್ಲಗೆ ಇಳಿಸಬೇಕು, ಮೆಲ್ಲಗೆ ಎತ್ತಬೇಕು, ಗುಳ್ಳೆ ಮೇಲೆ ಬರುವುದನ್ನು ಕಾಯಬೇಕು. ಮಾವ ಟಾರ್ಚು ಹಿಡಿದು ಕಾದರು. ಸಾಸಿವೆಯಷ್ಟು ಗುಳ್ಳೆಯೊಂದು ಶಿಮ್ಮಿನ ಅಂಚಿನಿಂದ ಬಿಡಿಸಿಕೊಂಡು, ರಾಡನ್ನು ತಬ್ಬಿಕೊಂಡೇ ಮೇಲೇರಿ, ಎಣ್ಣೆಯ ಮುಖದ ಮೇಲೆ ತುಸು ಹೊತ್ತು ಯೋಚಿಸಿ ಒಡೆಯುತ್ತಿತ್ತು. “ಬಂತು!” ಎನ್ನುತ್ತಿದ್ದರು. ಇನ್ನೇನು ಮುಗಿಯಿತು ಎಂದು ನಾನು ಸೊಂಟ ನೆಟ್ಟಗೆ ಮಾಡಿದರೆ, “ಇನ್ನೊಂದು ಹೊರಟಿದೆ, ಕೂತ್ಕೊಳ್ಳಿ.” ಊಟಕ್ಕೆ ಕರೆ ಬಂತು, ಸಾರು ಆರಿತು. ಹೆಂಡತಿಯ ದನಿ ಮಾತ್ರ ಆರಲಿಲ್ಲ.

ಗ್ಯಾಸು ತುಂಬಿಸಲು ಸಸ್ಪೆನ್ಷನ್ ಅಂಗಡಿಗೆ ಹೊರಟಾಗ ಮಾವನವರ ಕೊನೆಯ ತಕರಾರು ಎದ್ದಿತು. “ಗಾಳೀಲಿ 78 ಪಾಲು ನೈಟ್ರೋಜನ್ನೇ ತಾನೇ? ಪಂಪ್ ಹೊಡೆದರೆ ಮುಗೀತು. ಉಳಿದ 22 ಪಾಲು ತೆಗೆಸೋದಕ್ಕೆ ಡಾಲರ್ ಕೊಡ್ತೀರಾ?” ಗಾಳಿಯಲ್ಲಿ ತೇವ ಇರುತ್ತದೆ, ಶಾಕಬ್ಸರ್ ಬಿಸಿಯಾದಾಗ ಅದು ಒತ್ತಡ ಏರುಪೇರು ಮಾಡುತ್ತದೆ, ತುಕ್ಕನ್ನೂ ತರುತ್ತದೆ ಎಂದೆ. ಲೆಕ್ಕದಲ್ಲಿ ಸೋತವರು ಬೆಲೆಯಲ್ಲಿ ಸೋಲಲಿಲ್ಲ. ಅಂಗಡಿಯವನ ಮುಂದೆ ನಿಂತು, ಅಚ್ಚ ಕನ್ನಡದಲ್ಲಿ ಚೌಕಾಶಿ ಮಾಡಿದರು. ಆತ ನಗುತ್ತಾ ಏನೋ ಒಂದಿಷ್ಟು ಕಡಿಮೆ ಮಾಡಿಯೂ ಬಿಟ್ಟ.

ಈಗ ಸೀಟಿನ ಮೇಲೆ ಭಾರ ಹಾಕಿ ಬಿಟ್ಟರೆ ಬೈಕು ಒಮ್ಮೆ ಏಳುತ್ತದೆ, ಸುಮ್ಮನಾಗುತ್ತದೆ. ಇದನ್ನು ಮನೆಯಲ್ಲೇ ಮಾಡುವ ಆಸೆಯಿರುವವರು ಅಗತ್ಯವಾಗಿ ಮಾಡಿ. ಆದರೆ ಗ್ಯಾಸು ಪೂರಾ ಬಿಡದೆ ಸರ್ಕ್ಲಿಪ್ ಮುಟ್ಟಬೇಡಿ, ಶಿಮ್ಮುಗಳನ್ನು ತಂತಿಗೆ ಪೋಣಿಸದೆ ಮೇಲೇಳಬೇಡಿ, ನೈಟ್ರೋಜನ್ ಕೆಲಸವನ್ನು ಅಂಗಡಿಯವರಿಗೇ ಬಿಡಿ. ಉಳಿದದ್ದಕ್ಕೆ ಹಳೆಯ ಕಾರ್ಖಾನೆಯ ಹಿರಿಯರೊಬ್ಬರನ್ನು ಕುರ್ಚಿ ಹಾಕಿ ಕೂರಿಸಿದರೆ ಸಾಕು. ಅವರ ವಾಪಸ್ ಟಿಕೆಟ್ಟು ಮಾತ್ರ ಕೊನೆಯ ಗುಳ್ಳೆ ಒಡೆದ ಮೇಲೇ ಬುಕ್ ಮಾಡಿ.