ಚಾರ್ಲಿ ಪಪ್ಪ

ಬೆಂಗಳೂರಿನ ಯಾವ ಬಡಾವಣೆಗೆ ಹೋಗಿ, ಯಾವ ಕ್ರಾಸಿಗೆ ಬೇಕಾದರೂ ತಿರುಗಿ, ಈ ಮಹನೀಯರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ವಯಸ್ಸು ಐವತ್ತೈದರ ಆಚೆ. ಮಂಡಿಯವರೆಗೆ ಬರ್ಮುಡಾ, ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಸುತ್ತಿಕೊಂಡ ಬೆಲ್ಟು. ಬೆಲ್ಟಿನ ಇನ್ನೊಂದು ತುದಿಯಲ್ಲಿ ನಾಯಿ ಇರಬೇಕಾದದ್ದು ಪದ್ಧತಿ. ಅನೇಕ ಸಲ ಇರುವುದಿಲ್ಲ. ಅದು ಹತ್ತು ಮಾರು ಮುಂದೆ ಹಾಲು ತರಲು ಹೊರಟವರೊಬ್ಬರನ್ನು ಯಾರದೋ ಕಾಂಪೌಂಡಿಗೆ ಒತ್ತಿ ನಿಲ್ಲಿಸಿ ವಿಚಾರಣೆ ನಡೆಸುತ್ತಿರುತ್ತದೆ. ಆಗ ಇವರು ಹೆಜ್ಜೆಯ ವೇಗವನ್ನು ಒಂದಿಷ್ಟೂ ಹೆಚ್ಚಿಸದೆ, ಇದ್ದಲ್ಲಿಂದಲೇ ಕೈಯೆತ್ತಿ ಅಭಯ ಕೊಡುತ್ತಾರೆ: "ಹೆದರ್ಕೋಬೇಡಿ ಸಾರ್, ಏನೂ ಮಾಡಲ್ಲ!"

ನಮ್ಮ ಕ್ರಾಸಿನಲ್ಲಿ ಇವರಿಗೆ ಚಾರ್ಲಿ ಪಪ್ಪ ಎಂದು ಹೆಸರು. ತಂದೆತಾಯಿ ಇಟ್ಟ ಹೆಸರೊಂದು ಕರೆಂಟು ಬಿಲ್ಲಿನಲ್ಲಿದೆ. ಅದನ್ನು ಮೀಟರ್ ಓದುವ ಹುಡುಗ ಬಿಟ್ಟರೆ ಯಾರೂ ಬಳಸುವುದಿಲ್ಲ. ಅವನೂ ಗೇಟಿನಾಚೆ ನಿಂತೇ ಕೂಗಿ, ರೀಡಿಂಗನ್ನು ಅವರ ಬಾಯಿಂದಲೇ ಹೇಳಿಸಿಕೊಂಡು, ಬಿಲ್ಲು ಹರಿದುಕೊಟ್ಟು ನಡೆದುಬಿಡುತ್ತಾನೆ. ನಾಯಿಗೂ ಮೊದಲು ಚಾರ್ಲಿ ಎಂಬ ಹೆಸರಿರಲಿಲ್ಲ. ಎದುರು ಸಾಲಿನಲ್ಲಿ ಕಳ್ಳತನವಾದಾಗ ಮನೆ ಕಾಯಲೆಂದು ತಂದ ಜರ್ಮನ್ ಶೆಫರ್ಡ್ ಮರಿ ಅದು. ಟೈಗರ್ ಎಂದು ಕರೆಯುತ್ತಿದ್ದರು. 2022ರಲ್ಲಿ '777 ಚಾರ್ಲಿ' ಸಿನಿಮಾ ಬಂತು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರೇ ಅದನ್ನು ನೋಡಿ ಕಣ್ಣೀರು ಹಾಕಿದ್ದರು, ನಮ್ಮವರು ಬಿಟ್ಟಾರೆಯೇ? ಮರುದಿನವೇ ಟೈಗರ್ ಚಾರ್ಲಿಯಾಯಿತು, ಮನೆಯ ಯಜಮಾನರು ಪಪ್ಪ ಆದರು. ನಾಯಿ ಮಾತ್ರ ಸಿನಿಮಾ ನೋಡಿರಲಿಲ್ಲ. ಹಾಗಾಗಿ ಅದರ ಸ್ವಭಾವ ಟೈಗರ್ ಕಾಲದ್ದೇ ಉಳಿಯಿತು.

ಅಲ್ಲಿಂದ ಮುಂದೆ ನಾಯಿಯ ಮೇಲೆ ಯಾರು ದೂರು ತಂದರೂ ಮೊದಲ ಪ್ರಶ್ನೆ, "ಚಾರ್ಲಿ ನೋಡಿದ್ರಾ?" ನೋಡಿಲ್ಲ ಎಂದರೆ ಮಾತಾಡುವ ಯೋಗ್ಯತೆಯನ್ನೇ ಕಳೆದುಕೊಂಡಿರಿ. ನೋಡಿದೆ ಎಂದರೆ ಮರುಪ್ರಶ್ನೆ, "ಅತ್ರಾ?" ಈ ಮೌಖಿಕ ಪರೀಕ್ಷೆಯಲ್ಲಿ ಪಾಸಾದವರೂ ಅಷ್ಟರಲ್ಲಿ ಬಂದ ವಿಷಯವನ್ನು ಮರೆತಿರುತ್ತಿದ್ದರು.

ಇವರ ಮನೆಯ ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡಿದೆ. ಕೆಂಪು ಅಕ್ಷರ, ಪಕ್ಕದಲ್ಲಿ ಹಲ್ಲು ಕಿರಿದ ಮೂತಿಯ ಚಿತ್ರ. ಏನೂ ಮಾಡದ ನಾಯಿಗೆ ಇಂಥ ಬೋರ್ಡೇಕೆ ಎಂದು ಒಮ್ಮೆ ಕೇಳಿದೆ. "ಅದು ಕಳ್ಳರಿಗೆ ಸಾರ್" ಎಂದರು. ನೆಂಟರು ಬಂದಾಗ ಇವರ ಮಾತಿನ ಧಾಟಿಯೇ ಬೇರೆ. "ರಾತ್ರಿ ಹತ್ತಾದ ಮೇಲೆ ಒಂದು ನರಪಿಳ್ಳೆ ಈ ಕಡೆ ಸುಳಿಯಂಗಿಲ್ಲ. ಹೋದ ತಿಂಗಳು ಕೊರಿಯರ್‌ನವನ ಪ್ಯಾಂಟೇ ಕಿತ್ಕೊಂಡು ಬಂತು ನೋಡಿ" ಎಂದು ಜಗಲಿಯಲ್ಲಿ ಕೂತು ಹೇಳುವುದು ನಮ್ಮ ಅಡುಗೆಮನೆಗೆ ಚೆನ್ನಾಗಿ ಕೇಳಿಸುತ್ತದೆ. ಕಳ್ಳನಿಗೆ ಹುಲಿ, ಕೊರಿಯರ್‌ನವನಿಗೆ ಚಿರತೆ, ನನ್ನ ಮಕ್ಕಳಿಗೆ ಮಾತ್ರ ಪುಣ್ಯಕೋಟಿ. ಇಷ್ಟು ಪಾತ್ರಗಳನ್ನು ಒಂದೇ ನಾಯಿ ನಿಭಾಯಿಸಬೇಕು, ಯಾರು ಯಾರು ಎಂಬುದನ್ನು ಅದೇ ಗೊತ್ತುಮಾಡಿಕೊಳ್ಳಬೇಕು. ಅದರ ಮೇಲಿರುವ ಜವಾಬ್ದಾರಿ ನೆನೆದರೆ ನನಗೇ ಸುಸ್ತಾಗುತ್ತದೆ. ಬೋರ್ಡಿನ ವಿಷಯಕ್ಕೆ ಬಂದರೆ, ನನ್ನ ಮಗ ಎಲ್‌ಕೆಜಿ. ಇನ್ನೂ 'ಅ ಅರಸ' ಮುಗಿಸಿ 'ಆ ಆನೆ'ಗೆ ಬಂದಿದ್ದಾನೆ.

ನಾಯಿಯ ಪರವಾಗಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದರ ಪಪ್ಪ ಹೇಳುವುದಿಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಮೂರಡಿ ಓಣಿಯೇ ಅದರ ಸಾಮ್ರಾಜ್ಯ. ಒಂದು ಕಡೆ ಸಂಪಿನ ಮುಚ್ಚಳ, ಇನ್ನೊಂದು ಕಡೆ ಕೆಟ್ಟುಹೋದ ವಾಷಿಂಗ್ ಮೆಷಿನ್ನು, ನಡುವೆ ಸರಪಳಿ. ಕುರಿ ಕಾಯುವುದಕ್ಕೆಂದೇ ಬೆಳೆಸಿದ ತಳಿ ಅದು; ಮೈಲಿಗಟ್ಟಲೆ ಓಡುವ ಕಾಲು. ಇಲ್ಲಿ ಗೇಟಿನ ಕೆಳಗಿನ ಸಂದಿಯಿಂದ ಅದಕ್ಕೆ ಕಾಣುವ ಪ್ರಪಂಚವೆಂದರೆ ಬರುವ ಕಾಲುಗಳು, ಹೋಗುವ ಕಾಲುಗಳು. ಕಾಲು ಕಂಡಾಗ ಬೊಗಳುತ್ತದೆ. ಕಾಲು ಹೇಗೂ ಮುಂದೆ ಹೋಗುವುದೇ, ಹೋಗುತ್ತದೆ. ತಾನು ಬೊಗಳಿದ್ದಕ್ಕೇ ಶತ್ರು ಓಡಿದ ಎಂದು ನಾಯಿ ಅರ್ಥಮಾಡಿಕೊಳ್ಳುತ್ತದೆ. ಹೀಗೆ ಬೆಳಗಿನಿಂದ ಸಂಜೆಯವರೆಗೆ ನೂರು ಯುದ್ಧ ಗೆದ್ದು ಕೂತ ಸೇನಾಪತಿಗೆ ಒಂದು ದಿನ ಗೇಟು ತೆರೆದೇ ಸಿಕ್ಕರೆ, ಹೊರಗೆ ಅದರ ಮೂತಿಯ ಎತ್ತರಕ್ಕೇ ಒಂದು ಮಗುವಿನ ಮುಖವಿದ್ದರೆ? ವಾಕಿಂಗು ದಿನಕ್ಕೆ ಒಂದೇ ಸಲ, ಅದೂ ಎದುರು ಮನೆಯ ಕಾರಿನ ಟಯರಿನವರೆಗೆ. ಇದನ್ನು ಪ್ರಾಣಿಪ್ರೇಮ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಚಾರ್ಲಿ ಪಪ್ಪ ದೈವಭಕ್ತರು, ಪುರಾಣ ಬಲ್ಲವರು. ದತ್ತಾತ್ರೇಯನ ಕಾಲಬುಡದಲ್ಲಿ ನಾಲ್ಕು ನಾಯಿ, ಕಾಲಭೈರವನಿಗೆ ನಾಯಿಯೇ ವಾಹನ, ಅದೆಲ್ಲ ಆದ ಮೇಲೆ ಕೊನೆಯ ಅಸ್ತ್ರವಾಗಿ ಧರ್ಮರಾಯನನ್ನು ತೆಗೆಯುತ್ತಾರೆ: "ನಾಯಿ ಬಿಟ್ಟು ಸ್ವರ್ಗಕ್ಕೇ ಬರಲ್ಲ ಅಂದ ಸಾರ್ ಧರ್ಮರಾಯ! ನೀವು ಒಂದು ಕ್ರಾಸಿನ ವಿಷಯ ಹೇಳ್ತೀರಿ." ನಾನೂ ಮಹಾಭಾರತವನ್ನು ಅಷ್ಟಿಷ್ಟು ಓದಿದವನೇ. ಆ ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ನಾಲ್ವರು ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದರು, ನಿಜ. ಆದರೆ ಒಬ್ಬರೂ ನಾಯಿ ಕಚ್ಚಿ ಬಿದ್ದವರಲ್ಲ. ಹಿಮಾಲಯದವರೆಗೆ ಹಿಂದೆ ಬಂದ ಆ ನಾಯಿ ದಾರಿಯಲ್ಲಿ ಯಾರ ಮೀನಖಂಡಕ್ಕಾದರೂ ಬಾಯಿ ಹಾಕಿದ್ದರೆ ವ್ಯಾಸರು ಬಿಡುತ್ತಿರಲಿಲ್ಲ.

ಕಾನೂನಿನಲ್ಲಿ ಇನ್ನೂ ಗಟ್ಟಿ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದಾರೆ. ನಿವಾಸಿಗಳ ಸಂಘ ನಾಯಿ ಸಾಕಬೇಡಿ ಎನ್ನುವಂತಿಲ್ಲ, ಬೊಗಳುತ್ತದೆಂದು ಓಡಿಸುವಂತಿಲ್ಲ. ಈ ಸಾಲುಗಳ ಕೆಳಗೆ ಹಸಿರು ಸ್ಕೆಚ್ ಪೆನ್ನು ಎಳೆದಿದೆ. ಹೊರಗೆ ಕರೆದೊಯ್ಯುವಾಗ ಬೆಲ್ಟು ಹಾಕಿ ಎಂಬ ಸಾಲಿನ ಕೆಳಗೆ ಶಾಯಿ ಮುಗಿದಿರಬೇಕು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ಉಗ್ರ ತಳಿಗಳಿಗೆ ನಿಷೇಧ ಹೇರಿ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತನ್ನೇ ಕೇಳದೆ ಹೀಗೆ ಮಾಡುವಂತಿಲ್ಲವೆಂದು ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ಚಾರ್ಲಿ ಪಪ್ಪ ಅಂದು ಕ್ರಾಸಿಗೆಲ್ಲ ಮೈಸೂರು ಪಾಕು ಹಂಚಿದರು. ತಮಾಷೆಯೆಂದರೆ ಆ ಪಟ್ಟಿಯಲ್ಲಿ ಜರ್ಮನ್ ಶೆಫರ್ಡ್ ಇರಲೇ ಇಲ್ಲ. ಈ ಬಗ್ಗೆ ಅವರಿಗೆ ಒಳಗೊಳಗೇ ಸ್ವಲ್ಪ ಅವಮಾನವಿದೆ ಎಂದು ನನ್ನ ಗುಮಾನಿ. ಇದೇ ಕಾನೂನಿನ ಲೋಕದಲ್ಲಿ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಎಂಬುದೂ ಒಂದಿದೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅವರ ಓದು ಇನ್ನೂ ಆ ಪುಟಕ್ಕೆ ಬಂದಿಲ್ಲ.

ನಾವು ನಮ್ಮ ಕಡೆಯ ಸಿದ್ಧತೆ ಮಾಡಿಕೊಂಡೆವು. ನನ್ನ ಅಮ್ಮ ಅರಸೀಕೆರೆ ಕಡೆಯವರು. "ಕಲ್ಲು ಎತ್ಕೊಳೋ ಹಂಗೆ ಬಗ್ಗಿದ್ರೆ ಸಾಕು, ಊರು ಬಿಟ್ಟು ಓಡ್ತವೆ" ಎಂದು ಮೊಮ್ಮಕ್ಕಳಿಗೆ ಪಾಠ ಮಾಡಿದರು. ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಈ ಶಿಷ್ಟಾಚಾರ ಗೊತ್ತು. ಚಾರ್ಲಿ ಪೆಡಿಗ್ರಿ ತಿಂದು ಬೆಳೆದದ್ದು, ಜೀವಮಾನದಲ್ಲಿ ಕಲ್ಲು ಕಂಡಿಲ್ಲ. ಬಗ್ಗಿದವರು ಆಟಕ್ಕೆ ಕರೆದರೆಂದು ತಿಳಿದು ಎದೆಯ ಮೇಲೇ ಬರುತ್ತದೆ. ಸಾಲದ್ದಕ್ಕೆ ನಮ್ಮ ರಸ್ತೆಗೆ ವೈಟ್ ಟಾಪಿಂಗ್ ಆಗಿದೆ, ಹುಡುಕಿದರೂ ಕಲ್ಲಿಲ್ಲ.

ಪಶುವೈದ್ಯರೊಬ್ಬರು ಹೇಳಿದ ದಾರಿ ಬೇರೆ. ಓಡಬಾರದು, ಓಡಿದ್ದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ. ಕಿರುಚಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈ ಎದೆಗೆ ಕಟ್ಟಿ, ತನ್ನ ಪಾದ ನೋಡುತ್ತ ಅಲ್ಲಾಡದೆ ನಿಂತರೆ ನಾಯಿ ಮೂಸಿ ನೋಡಿ, ಬೇಸರಬಂದು ಹೋಗುತ್ತದೆ. ಕೆಡವಿದರೆ ಮುದುಡಿ ಮಲಗಿ ಕಿವಿ, ಕತ್ತು ಮುಚ್ಚಿಕೊಳ್ಳಬೇಕು. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಸ್ನೇಹವೆಂದು ನಂಬಬಾರದು. ಮೈ ಸೆಟೆದಿದ್ದರೆ, ತುಟಿ ಮೇಲೆ ಹೋಗಿದ್ದರೆ ಆ ಬಾಲಕ್ಕೆ ಅರ್ಥವಿಲ್ಲ. ಇದನ್ನೆಲ್ಲ ಮಕ್ಕಳಿಗೆ 'ಸ್ಟ್ಯಾಚ್ಯೂ' ಆಟವೆಂದು ಕಲಿಸಿದೆವು. ಮಗಳು ಎರಡೇ ಸಂಜೆಯಲ್ಲಿ ಪಳಗಿದಳು. ಮಗ ಅವಳಿಗಿಂತ ಚೆನ್ನಾಗಿ ಕಲಿತ, ಸ್ನಾನಕ್ಕೆ ಕರೆದರೂ ಸ್ಟ್ಯಾಚ್ಯೂ, ಹಾಲು ಕುಡಿ ಎಂದರೂ ಸ್ಟ್ಯಾಚ್ಯೂ. ನಾಯಿಗಿಂತ ನಾವೇ ಹೆಚ್ಚು ಬೇಸರಬಂದು ಹಿಂದಿರುಗತೊಡಗಿದೆವು.

ಆದರೂ ಆಗುವುದು ಆಯಿತು. ಗೇಟು ಎಂದಿನಂತೆ ಅರೆ ತೆರೆದಿತ್ತು. ಸ್ಕೂಲ್ ವ್ಯಾನಿಗೆ ಓಡುತ್ತಿದ್ದ ಮಗಳ ಕಾಲಿಗೆ ಚಾರ್ಲಿ ಬಾಯಿ ಹಾಕಿತು. ವ್ಯಾನು ಹಾರ್ನ್ ಹೊಡೆಯುವಾಗ ಯಾವ ಮಗು ತಾನೇ ಸ್ಟ್ಯಾಚ್ಯೂ ಆದೀತು? ರಕ್ತ ಬರಲಿಲ್ಲ, ಹಲ್ಲಿನ ಗೀರು ಮೂಡಿತ್ತು. ಚಾರ್ಲಿ ಪಪ್ಪ ಕಾಫಿ ಲೋಟ ಹಿಡಿದೇ ಹೊರಗೆ ಬಂದು ತೀರ್ಪು ಕೊಟ್ಟರು: "ಕಚ್ಚಿಲ್ಲ ಸಾರ್, ಹಲ್ಲು ತಾಗಿದೆ ಅಷ್ಟೆ."

ನನ್ನ ಅಮ್ಮ ಅಷ್ಟರಲ್ಲಿ ಕಾಫಿಪುಡಿ ಡಬ್ಬಿ ತಂದಿದ್ದರು, ಗಾಯಕ್ಕೆ ಮೆತ್ತಲು. ಹೆಂಡತಿ ಡಬ್ಬಿ ಕಿತ್ತಿಟ್ಟು ಮಗಳ ಕಾಲನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ಕಾಲು ಗಂಟೆ ತೊಳೆದಳು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಬಿಟ್ಟಿ. ಎರಡೂ ತೋಳಿನ ಚರ್ಮದೊಳಕ್ಕೆ ಒಂದೊಂದು ಚುಚ್ಚು, ಅದೇ ದಿನ ಒಮ್ಮೆ, ಆಮೇಲೆ 3, 7 ಮತ್ತು 28ನೇ ದಿನ. ಹೊಕ್ಕುಳ ಸುತ್ತ ಹದಿನಾಲ್ಕು ಎಂದು ಅಮ್ಮ ಮೊಮ್ಮಗಳನ್ನು ಹೆದರಿಸಿಟ್ಟಿದ್ದರು. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಗಿದೆ, ನೆನಪು ಮಾತ್ರ ನಿಂತಿಲ್ಲ. ಚಾರ್ಲಿ ಪಪ್ಪ ಸಂಜೆ ಲಸಿಕೆ ಕಾರ್ಡು ತಂದು ತೋರಿಸಿದರು: "ಎಲ್ಲಾ ಆಗಿದೆ, ಸುಮ್ನೆ ಗಾಬರಿ ಮಾಡ್ಕೊಂಡ್ರಿ." ಕೊನೆಯ ಮೊಹರು ಎರಡು ವರ್ಷ ಹಳೆಯದು. ಹೋಗುವಾಗ ಬಾಗಿಲಲ್ಲಿ ತಡೆದು ನಿಂತು ದನಿ ತಗ್ಗಿಸಿ ಕೇಳಿದರು, "ಅಲ್ಲಾ ಸಾರ್, ತಪ್ಪು ತಿಳ್ಕೋಬೇಡಿ, ನಿಮ್ಮ ಮಗಳಿಗೆ ನೆಗಡಿ ಗಿಗಡಿ ಏನಾದ್ರೂ ಇತ್ತಾ? ಚಾರ್ಲಿ ಬೆಳಿಗ್ಗೆಯಿಂದ ಯಾಕೋ ಡಲ್ಲಾಗಿದೆ."

ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಡಿ ಎಂದು ಡಾಕ್ಟರು ಹೇಳಿದ್ದರು. ರೇಬಿಸ್ ಇದ್ದರೆ ಅಷ್ಟರೊಳಗೆ ನಾಯಿ ಕಾಯಿಲೆ ಬಿದ್ದು ಸಾಯುತ್ತದೆ. ಆದ್ದರಿಂದ ನಾನು ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಇಣುಕಿ "ಚಾರ್ಲಿ ಹೇಗಿದೆ? ಊಟ ಮಾಡ್ತಾ? ನೀರು ಕುಡೀತಾ?" ಎಂದು ವಿಚಾರಿಸಬೇಕಾಯಿತು. ಮೂರನೆಯ ದಿನಕ್ಕೆ ಚಾರ್ಲಿ ಪಪ್ಪನ ಕಣ್ಣು ತೇವವಾಯಿತು. "ನಾನು ಹೇಳಿರ್ಲಿಲ್ವಾ ಸಾರ್, ಒಂದ್ಸಲ ಹತ್ರ ಬಂದ್ರೆ ನೀವೂ ಬಿಡಲ್ಲ ಅಂತ" ಎಂದರು. ನಾಯಿಗೆ ಏನೂ ಆಗಲಿಲ್ಲ. ಗೇಟು ಮಾತ್ರ ಮತ್ತೆ ಅರೆ ತೆರೆದೇ ಇತ್ತು. ಹೆಂಡತಿ ಹೇಳಿದಳು, "ರೀ, ಏನೂ ಮಾಡಲ್ಲ ಅಂತ ಅವರು ನಾಯಿ ವಿಷಯ ಹೇಳ್ತಿರೋದಲ್ಲ, ತಮ್ಮ ವಿಷಯ ಹೇಳ್ತಿರೋದು."

ಕೊನೆಗೆ ಕೆಲಸ ಮಾಡಿಸಿದ್ದೂ ಅವಳೇ. ಮಕ್ಕಳ ಸುದ್ದಿಯನ್ನೇ ಎತ್ತಲಿಲ್ಲ. ಹಬ್ಬದ ಒಬ್ಬಟ್ಟು ಕೊಡುವ ನೆಪದಲ್ಲಿ ಹೋಗಿ, "ಅಂಕಲ್, ಈ ಫುಡ್ ಡೆಲಿವರಿ ಹುಡುಗರ ಬೈಕು ನೋಡಿದೀರಾ? ಗೇಟಿಗೆ ಚಿಲಕ ನಿಲ್ತಿಲ್ಲ, ಚಾರ್ಲಿ ಹೊರಗೆ ಬಂದು ಚಕ್ರಕ್ಕೆ ಸಿಕ್ಕಿಬಿಟ್ರೆ ಏನು ಗತಿ, ಪಾಪ" ಎಂದು ನಿಟ್ಟುಸಿರಿಟ್ಟಳು. ಚಾರ್ಲಿ ಪಪ್ಪನ ಮುಖ ಬಿಳಿಚಿಕೊಂಡಿತು. ಸಂಜೆಯೊಳಗೆ ವೆಲ್ಡರ್ ಬಂದ. ಗೇಟಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು, ಒಳಗೊಂದು ಹೊರಗೊಂದು ಚಿಲಕ, ಕೆಳಗಿನ ಸಂದಿಗೆ ತಗಡು. ಕಾಲು ಕಾಣದ್ದರಿಂದ ನಾಯಿಯ ಯುದ್ಧಗಳೂ ಅರ್ಧಕ್ಕರ್ಧ ಕಡಿಮೆಯಾಗಿವೆ.

ನಿಮ್ಮ ಕ್ರಾಸಿನ ಪಪ್ಪನ ಹತ್ತಿರವೂ ದೂರು ಒಯ್ಯಬೇಡಿ. ನಾಯಿಯ ಯೋಗಕ್ಷೇಮ ಒಯ್ಯಿರಿ. ಅಷ್ಟಾಗಿಯೂ ಹಲ್ಲು ತಾಗಿತೋ, ಅವರು ಕಾರ್ಡು ಹುಡುಕಿ ತರುವವರೆಗೆ ಕಾಯಬೇಡಿ. ಸೋಪು, ನಲ್ಲಿ ನೀರು, ಹದಿನೈದು ನಿಮಿಷ, ಆಮೇಲೆ ನೇರ ಆಸ್ಪತ್ರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.