ಭದ್ರಾತೀರದ ಗಾಳಚೀಲ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಗಾಳದ ಸಾಮಾನು ತುಂಬುವ ಚೀಲ. ಪ್ರಯೋಜನ: ಮರ್ಯಾದೆಯ ರಕ್ಷಣೆ. ಸಂಬಂಧ: ಇವೆರಡರ ನಡುವೆ ಇರುವಂಥದು, ಮುಂದೆ ಸಾಧಿಸಲಾಗುವುದು. ಅಧಿಕಾರಿ: ಭದ್ರಾವತಿಯ ಓಲ್ಡ್ ಟೌನಿನಲ್ಲಿ ವಾಸ, ಭಾನುವಾರ ಬೆಳಿಗ್ಗೆ ಬಿಡುವು, ಮನೆಯವರ ಮೌನಸಮ್ಮತಿ, ಈ ಮೂರೂ ಉಳ್ಳವನು. ಮೂರನೆಯದು ಇಲ್ಲದವನು ಮೊದಲೆರಡರಲ್ಲೇ ಸುಧಾರಿಸಿಕೊಳ್ಳತಕ್ಕದ್ದು.

ಪೂರ್ವಾಚಾರ್ಯರ ವಿಚಾರ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸದೊಳಗೆ ಮತ್ಸ್ಯವಿನೋದಕ್ಕೆ ಜಾಗ ಕೊಟ್ಟು, ಯಾವ ಮೀನಿಗೆ ಯಾವ ಎರೆ ಎಂದು ವಿವರಿಸಿದ. ಆದರೆ ದೊರೆಯ ಸಾಮಾನು ಹೊರಲು ಆಳುಗಳಿದ್ದರು. ಹೆಗಲು ನೋಯದವನ ಮಾತು ಈ ಶಾಸ್ತ್ರದಲ್ಲಿ ಪ್ರಮಾಣವಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸುಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆಯ ಮೇಲೆ ದೊಡ್ಡ ಪುಸ್ತಕವನ್ನೇ ಹೊರತಂದ. ಕಲೆಕ್ಟರಿಗೂ ಅದೇ ನ್ಯಾಯ. ಇನ್ನು ಮೈಸೂರಿನ ವಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎತ್ತಿದರು. ಅಂದರೆ 54 ಕೆ.ಜಿ. ನಮ್ಮ ಸಿಮೆಂಟ್ ಚೀಲದ ಅಳತೆಯೇ 50 ಕೆ.ಜಿ. ಆದ್ದರಿಂದ ದೊಡ್ಡ ಮೀನು ಹಿಡಿದವರ ಹತ್ತಿರ ಚೀಲದ ಸಲಹೆ ಕೇಳಬಾರದೆಂಬುದು ನಿಸ್ಸಂದೇಹ.

ಅಥ ಪೂರ್ವಪಕ್ಷ. 'ಚೀಲವಿರುವುದು ಸಾಮಾನಿಗಾಗಿ' ಎನ್ನುತ್ತಾರೆ ಫ್ಲೈ ಫಿಶಿಂಗ್ ಪಂಥದವರು. ಇವರಿಗೆ ಎರೆಹುಳು ವರ್ಜ್ಯ. ಗಾಳಕ್ಕೆ ಗರಿ, ನೂಲು ಸುತ್ತಿ ಹುಳುವಿನ ವೇಷ ಹಾಕುತ್ತಾರೆ. ಆ ವೇಷಧಾರಿಗೆ ತೂಕವೇ ಇಲ್ಲವಾದ್ದರಿಂದ ದಪ್ಪನೆಯ ದಾರದ ಭಾರದಿಂದಲೇ ಅದನ್ನು ದೂರಕ್ಕೆ ಬೀಸುತ್ತಾರೆ. 9 ಅಡಿಯ ಕೋಲು 4 ತುಂಡಾಗಿ ಕೊಳವೆಯಲ್ಲಿ ಕೂರುತ್ತದೆ. ನೀರಲ್ಲಿ ಸೊಂಟದ ತನಕ ನಿಂತು ಎರಡೂ ಕೈಯಲ್ಲಿ ಕೆಲಸ ಮಾಡಬೇಕಾದ್ದರಿಂದ ಸೊಂಟದ ಚೀಲ, ಎದೆಯ ಚೀಲ, ಬೆನ್ನಿಂದ ಮುಂದಕ್ಕೆ ಎಳೆದುಕೊಳ್ಳುವ ಅಡ್ಡಹೆಗಲ ಚೀಲ ಎಂದು ಮೂರು ಭೇದ.

ಇದು ಸಲ್ಲದು. ನೀರಿನಲ್ಲಿ ಮೀನು ನೋಡುವುದು ಗಾಳವನ್ನು. ಚೀಲವನ್ನು ನೋಡುವುದು ಬೀದಿ. ಹತ್ತಾರು ಜಿಪ್ಪಿನ ಎದೆಚೀಲ ತೊಟ್ಟು ಓಲ್ಡ್ ಟೌನಿನಲ್ಲಿ ನಡೆದರೆ ಕರೆಂಟಿನ ಮೀಟರ್ ಓದುವವನೆಂದು ತಿಳಿದು, 'ಸ್ವಲ್ಪ ಇಲ್ಲಿ ಬನ್ರೀ, ಹೋದ ತಿಂಗಳು ಯಾಕ್ ಇಷ್ಟೊಂದು ಬಿಲ್ಲು?' ಎಂದು ಜಗಲಿಯಿಂದಲೇ ವಿಚಾರಣೆ ಶುರುವಾಗುತ್ತದೆ. ಆದ್ದರಿಂದ ಸಿದ್ಧಾಂತ ಇಷ್ಟು: ಗಾಳದ ಚೀಲವೆಂಬುದು ಬೀದಿಯ ಪ್ರಶ್ನೆಗೆ ಮುಂಗಡ ಕೊಟ್ಟ ಉತ್ತರ.

ಈ ದೃಷ್ಟಿಯಿಂದ ದೇಶೀ ಚೀಲಗಳ ತಾರತಮ್ಯ. ಸಿಮೆಂಟ್ ಚೀಲ ಅಧಮ. ಅದನ್ನು ಕಂಡವರೆಲ್ಲ 'ಏನಣ್ಣ, ಬಿತ್ತಾ?' ಎಂದು ಕೇಳಿಯೇ ಕೇಳುತ್ತಾರೆ. ವೈರ್ ಬುಟ್ಟಿ ಮಧ್ಯಮ. ಸಂತೆಗೆ ಹೊರಟಂತೆ ಕಾಣುತ್ತದೆ ನಿಜ, ಆದರೆ ಗಾಳದ ಮೊನೆ ಹೆಣಿಗೆಗೆ ಕಚ್ಚಿಕೊಂಡು, ಮರುದಿನ ಕೊತ್ತಂಬರಿ ಸೊಪ್ಪಿಗೆ ಕೈಹಾಕಿದ ಮನೆಯೊಡತಿಯ ಬೆರಳಿಗೆ ಸಿಗುತ್ತದೆ. ಅಲ್ಲಿಗೆ ಮೌನಸಮ್ಮತಿಯ ಮೌನವೂ ಹೋಯಿತು, ಸಮ್ಮತಿಯೂ ಹೋಯಿತು. ಜವಳಿ ಅಂಗಡಿಯ ಚೀಲ ಮೇಲ್ನೋಟಕ್ಕೆ ಉತ್ತಮ. ಆದರೆ 'ಯಾರ ಮದುವೆ?' ಎಂಬ ಉಪಪ್ರಶ್ನೆ ಹುಟ್ಟಿಸುತ್ತದೆ. ಉತ್ತಮೋತ್ತಮವೆಂದರೆ ಡ್ಯೂಟಿ ಚೀಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಂದಿನಿಂದ ಈ ಊರಲ್ಲಿ ಟಿಫನ್ ಕ್ಯಾರಿಯರಿನ ಚೀಲ ಹಿಡಿದು ಹೊತ್ತಲ್ಲದ ಹೊತ್ತಲ್ಲಿ ನಡೆಯುವವನನ್ನು ಯಾರೂ ತಡೆದಿಲ್ಲ. ಶಿಫ್ಟು ಎಂಬ ಒಂದೇ ಪದಕ್ಕೆ ಬೆಳಗಿನ ಜಾವ ನಾಲ್ಕೂವರೆಯೂ ಅಡಗುತ್ತದೆ.

ಹೊಸ ಚೀಲವೋ ಹಳೆಯದೋ ಎಂಬ ಸಂಶಯಕ್ಕೆ ಊರೇ ದೃಷ್ಟಾಂತ. ಲಕ್ಕವಳ್ಳಿಯ ಅಣೆಕಟ್ಟು 186 ಅಡಿ ಭರ್ತಿಯಾಗಿ ಗೇಟುಗಳಿಂದ ನೀರು ಜೋರಾಗಿ ಬಿಟ್ಟರೆ ಮುಳುಗುವುದು ಹೊಸ ಸೇತುವೆ. ಹಳೆಯದು ಮೇಲೆಯೇ ಇರುತ್ತದೆ.

ಒಳರಚನೆಗೆ ಹೊಯ್ಸಳರನ್ನು ಅನುಸರಿಸಬೇಕು. ಇಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ತ್ರಿಕೂಟ. ಚೀಲಕ್ಕೂ ಮೂರು ಅರೆ ಇರಲಿ: ಒದ್ದೆಗೊಂದು, ಒಣಗಿದ್ದಕ್ಕೊಂದು, ತಿಂಡಿಗೊಂದು. ಒದ್ದೆ ಗಾಳವನ್ನು ಒಣಗಾಳದ ಜೊತೆ ಇಟ್ಟರೆ ಎಲ್ಲಕ್ಕೂ ತುಕ್ಕು. ಎರೆಯ ಜೊತೆ ತಿಂಡಿ ಇಟ್ಟರೆ ಏನಾಗುತ್ತದೆಂದು ಶಾಸ್ತ್ರ ಹೇಳಬೇಕಾಗಿಲ್ಲ. ಗರಿಗಾಳಗಳನ್ನು ಹಳೇ ನಶ್ಯದ ಡಬ್ಬಿಯಲ್ಲಿ ಥರ್ಮಾಕೋಲ್ ಚೂರಿಗೆ ಚುಚ್ಚಿಡಬೇಕು. ಊರಕೋಳಿಯ ಗರಿಯೇ ಸಾಕು. ನಮ್ಮ ಮಲೆನಾಡಿನ ಕಾಡುಕೋಳಿಯ ಕತ್ತಿನ ಗರಿಗೆ ಪರದೇಶದ ಗಾಳಗಾರರು ಪ್ರಾಣಬಿಡುತ್ತಾರೆ. ಅದರ ಬೇಟೆ ಕಾನೂನಿಗೆ ವಿರುದ್ಧ. ಅದನ್ನು ಚೀಲದಲ್ಲಿಟ್ಟುಕೊಂಡವನಿಗೆ ಕೇಳುವ ಪ್ರಶ್ನೆ ಬೀದಿಯದಲ್ಲ, ಅರಣ್ಯ ಇಲಾಖೆಯದು.

ಮಳೆಗಾಲದಲ್ಲಿ ಚೀಲವನ್ನು ತೊಳೆದು, ಬಾಯಿ ತೆರೆದು, ಹೊಗೆ ತಾಗುವ ಕಡೆ ನೇತುಹಾಕಬೇಕು. ಇಲ್ಲವಾದರೆ ಆಷಾಢ ಮುಗಿಯುವುದರೊಳಗೆ ಬೂಷ್ಟು. ತೊಳೆದದ್ದು ಸಾಕೇ ಎಂದು ಪರೀಕ್ಷಿಸಲು ಬೆಕ್ಕು ಪ್ರಮಾಣ.

ಕೊನೆಯ ಆಕ್ಷೇಪ: ಒಂದು ವೇಳೆ ಮೀನು ಸಿಕ್ಕಿಬಿಟ್ಟರೆ ಯಾವ ಚೀಲ? ಸಮಾಧಾನ: ಅಂದು ಚೀಲ ನಿಷಿದ್ಧ. ಕಿವಿರಿಗೆ ದಾರ ಪೋಣಿಸಿ, ಬಾಲ ಮೊಣಕಾಲಿಗೆ ಬಡಿಯುವಂತೆ ಹಿಡಿದು, ಹತ್ತಿರದ ಓಣಿ ಬಿಟ್ಟು ರಂಗಪ್ಪ ಸರ್ಕಲ್ ಸುತ್ತಿಕೊಂಡೇ ಮನೆಗೆ ಬರತಕ್ಕದ್ದು. ಯಾರೂ ಕೇಳದಿದ್ದರೆ ಇನ್ನೊಂದು ಸುತ್ತು.