ಒಂದೇ ಸಹಿಯ ಮಹಿಮೆ

ಟರ್ಕಿಯ ಅಧ್ಯಕ್ಷರಾದ ಶ್ರೀ ಎರ್ಡೋಗನ್ ಅವರಿಗೆ,

ನಿಮ್ಮ ದಂಡಸಂಹಿತೆಯ 299ನೇ ವಿಧಿಯಂತೆ ಅಧ್ಯಕ್ಷರನ್ನು ಅವಮಾನಿಸಿದವರಿಗೆ 1ರಿಂದ 4 ವರ್ಷ ಸೆರೆವಾಸ. ಆದ್ದರಿಂದ ಈ ಪತ್ರದಲ್ಲಿ ಹೊಗಳಿಕೆ ಬಿಟ್ಟು ಬೇರೇನೂ ಇಲ್ಲವೆಂದು ಮೊದಲೇ ಪ್ರಮಾಣ ಮಾಡುತ್ತೇನೆ.

ಮೊದಲ ಹೊಗಳಿಕೆ ನಿಮ್ಮ ಮಿತವ್ಯಯಕ್ಕೆ. ಹೆಂಗಸರ ಮೇಲಿನ ಹಿಂಸೆ ತಡೆಯುವ ಇಸ್ತಾಂಬುಲ್ ಒಪ್ಪಂದಕ್ಕೆ ಸಹಿ ಬಿದ್ದದ್ದು 2011ರಲ್ಲಿ, ನೀವು ಹುಟ್ಟಿದ ಊರಿನಲ್ಲೇ, ನೀವು ಪ್ರಧಾನಿಯಾಗಿದ್ದಾಗಲೇ. ನಿಮ್ಮ ಸಂಸತ್ತಿನಲ್ಲಿ ಒಂದು ಮತವೂ ಅದಕ್ಕೆ ವಿರುದ್ಧ ಬೀಳಲಿಲ್ಲ. ಎಲ್ಲರಿಗಿಂತ ಮೊದಲು ಅದನ್ನು ಅನುಮೋದಿಸಿದ ದೇಶವೂ ನಿಮ್ಮದೇ. ಅಷ್ಟು ಜನ ಕೈಯೆತ್ತಿ ಒಪ್ಪಿದ್ದನ್ನು ಅಳಿಸಲು ಎಷ್ಟು ಕೈ ಬೇಕಾದವು? ಒಂದೇ. 2021ರ ಮಾರ್ಚ್ 20ರ ನಡುರಾತ್ರಿ ರಾಜ್ಯಪತ್ರದಲ್ಲಿ ಒಪ್ಪಂದದಿಂದ ಹೊರಬರುವ ನಿಮ್ಮ ಆದೇಶ ಬಂತು. ಚರ್ಚೆಯಿಲ್ಲ, ಮತದಾನವಿಲ್ಲ, ಸದಸ್ಯರ ನಿದ್ದೆಗೂ ಭಂಗವಿಲ್ಲ. ಹೆಂಗಸರ ಒಪ್ಪಂದವನ್ನು ಹೀಗೆ ಹರಿಯಬಹುದಾದರೆ ಮಿಕ್ಕ ಒಪ್ಪಂದಗಳಿಗೆ ಸಂಸತ್ತು ಏಕೆ ಬೇಕೆಂದು ಕೆಲವು ವಕೀಲರು ಗೊಣಗಿದರು. ಗೊಣಗುವುದೇ ಅವರ ಕಸುಬು, ಬಿಡಿ.

ಎರಡನೆಯದು ನಿಮ್ಮ ಸ್ಥಿರಬುದ್ಧಿಗೆ. ಗಂಡುಹೆಣ್ಣು ಸಮಾನರೆನ್ನುವುದು ಪ್ರಕೃತಿಗೆ ವಿರುದ್ಧವೆಂದು 2014ರಲ್ಲೇ ಹೇಳಿದಿರಿ, ಅದೂ ಹೆಂಗಸರ ಸಭೆಯಲ್ಲಿ. ತಾಯ್ತನ ಬೇಡವೆಂದವಳು ಅರೆಮನುಷ್ಯಳೆಂದು 2016ರಲ್ಲಿ ತೀರ್ಪಿತ್ತಿರಿ. ಮನೆಗೆ ಮೂರು ಮಕ್ಕಳಾದರೂ ಇರಲೆಂಬ ಹಿತವಚನವಂತೂ ಹಳೆಯದು. 2025 'ಕುಟುಂಬ ವರ್ಷ'ವೂ ಆಯಿತು. ಆದರೆ ಹೆಂಗಸರನ್ನು ಕೊಲ್ಲುವವರಲ್ಲಿ ಹೆಚ್ಚಿನವರು ಗಂಡಂದಿರು, ಮಾಜಿ ಗಂಡಂದಿರು, ಸ್ವಂತ ಮನೆಯವರು. ಇದನ್ನು ತಿಂಗಳು ತಿಂಗಳೂ ಲೆಕ್ಕವಿಟ್ಟು ಸಾರುತ್ತಿದ್ದ ಮಹಿಳಾ ಸಂಘಟನೆ 'ಕಾನೂನಿಗೂ ನೈತಿಕತೆಗೂ ವಿರುದ್ಧ' ನಡೆದಿದೆಯೆಂದು ಅದನ್ನು ಮುಚ್ಚಿಸಲು ದಾವೆ ಹೂಡಿದ್ದೂ ನಿಮ್ಮ ಕಾಲದ ಸಾಧನೆ. 2023ರಲ್ಲಿ ನ್ಯಾಯಾಲಯ ಆ ದಾವೆಯನ್ನು ವಜಾ ಮಾಡಿತು. ಒಂದೇ ಕೈಯ ಆಡಳಿತದಲ್ಲೂ ಇಂಥ ಅಚಾತುರ್ಯ ನಡೆದುಬಿಡುತ್ತದೆ.

ಆದರೂ ನಿಮ್ಮ ಹೆಂಗಸರಿಗೆ ಇದರ ಬೆಲೆ ತಿಳಿದಿಲ್ಲ. ಹೆಂಗಸರು ಸಾರ್ವಜನಿಕವಾಗಿ ಗಟ್ಟಿಯಾಗಿ ನಗಬಾರದೆಂದು ನಿಮ್ಮ ಅಂದಿನ ಉಪಪ್ರಧಾನಿ ಬುಲೆಂಟ್ ಅರಿಂಚ್ 2014ರಲ್ಲಿ ಬುದ್ಧಿ ಹೇಳಿದಾಗ ಸಾವಿರಾರು ಹೆಂಗಸರು ತಾವು ನಗುವ ಫೋಟೋಗಳನ್ನೇ ಜಾಲತಾಣಗಳಲ್ಲಿ ಹಾಕಿದರು. ಮಾರ್ಚ್ 8ರ ಮಹಿಳಾ ದಿನದ ರಾತ್ರಿ ಮೆರವಣಿಗೆಗೆ ಇಸ್ತಾಂಬುಲಿನ ತಕ್ಸಿಮ್ ಚೌಕದ ದಾರಿ ಮುಚ್ಚಿದರೂ ಅವರು ಬರುತ್ತಲೇ ಇದ್ದಾರೆ. ಇಷ್ಟು ಕೃತಘ್ನತೆ ಒಳ್ಳೆಯದಲ್ಲ.

ಕೊನೆಗೊಂದು ಸಣ್ಣ ಕೋರಿಕೆ. ಒಪ್ಪಂದ ಬೇಡ, ನಮ್ಮ ದೇಶದ ಕಾನೂನೇ ಸಾಕು ಎಂದಿತು ನಿಮ್ಮ ಸರಕಾರ. ಹೌದು, ಹೆಂಗಸರನ್ನು ಹಿಂಸೆಯಿಂದ ಕಾಯುವ 2012ರ 6284ನೇ ಕಾಯಿದೆ ಇದೆ. ಜೀವ ಭಯದಿಂದ ಠಾಣೆಗೆ ಬಂದ ಹೆಣ್ಣನ್ನು ರಾಜಿ ಮಾಡಿಸಿ ಅದೇ ಗಂಡನ ಮನೆಗೆ ಕಳಿಸದೆ ಆ ಕಾಯಿದೆಯನ್ನು ಅಕ್ಷರಶಃ ಜಾರಿಮಾಡಿ ಎಂದು ಪೊಲೀಸರಿಗೆ ಒಂದು ಆದೇಶ ಹೊರಡಿಸಿ. ಸಂಸತ್ತಿನ ಅಗತ್ಯವಿಲ್ಲ, ನಡುರಾತ್ರಿಯಾದರೂ ಅಡ್ಡಿಯಿಲ್ಲ.

ಇಂತಿ,
299ನೇ ವಿಧಿಗೆ ತಲೆಬಾಗಿದ
ನಿಮ್ಮ ಅಭಿಮಾನಿ